ಅದೇ ನೀರಿಗೆ

ಜುಗೂಳ
೩ ನವೆಂಬರ್ ೨೦೨೩

ಚಿ. ಕೋಮಲಳಿಗೆ ಅಕ್ಕುತಾಯಿ ಕಾಕುವಿನ ಆಶೀರ್ವಾದ. ಜೈ ಜಿನೇಂದ್ರ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ಅದರ ಹಿಂದೆ ನಮ್ಮ ರೂಪಾಲಿ ನಿಂತು ನಕ್ಕಂತಾಗಿ ನನ್ನ ಮಾತು ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಕಲಿತವಳು, ಅಕ್ಷರ ನೋಡಿ ನಗಬೇಡ.

ನೀನು ಅವಳ ಜೊತೆ ಸಮುದ್ರದ ತಳ ಶೋಧಿಸುವ ಒಂದೇ ಹಡಗಿನಲ್ಲಿ, ಒಂದೇ ಖೋಲಿಯಲ್ಲಿ ಇದ್ದವಳು. ಆಗಸ್ಟಿನಲ್ಲಿ ಗೋವಾದ ಮಳೆಯೊಳಗೆ ಟ್ರಕ್ಕು ಅವಳ ಸ್ಕೂಟಿಗೆ ಬಡಿದಾಗ ದವಾಖಾನೆಯಲ್ಲಿ ಅವಳ ಕೈ ಹಿಡಿದು ಕೂತವಳೂ ನೀನೇ. ನಾವು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ನಿನ್ನ ಬಿಟ್ಟು ಈ ಮಾತು ಯಾರಿಗೆ ಕೇಳಲಿ?

ಅವಳು ಹಡಗಿನಿಂದ ಬಂದಾಗ ನಮಗೆ ಒಂದು ಕಲ್ಲು ತಂದಿದ್ದಳು. ಒಡೆದ ತೆಂಗಿನ ಹೋಳಿನಷ್ಟು. ಹೊರಗೆ ಕರಿ, ನಡುವೆ ಒಂದು ಬಿಳಿ ಪದರು, ಒಳಗೆ ಹಿತ್ತಾಳೆಯ ಹೊಳಪು. "ಅವ್ವಾ, ಸಮುದ್ರದ ತಳದಾಗ ಸಕ್ಕರಿ ಫ್ಯಾಕ್ಟರಿ ಚಿಮಣಿ ಇದ್ದಂಗ ಕಲ್ಲಿನ ಚಿಮಣಿ ಅದಾವ. ಕರಿ ಹೊಗಿ ಉಗಳತಾವ. ಇದು ಅದರ ಚೂರು" ಅಂದಳು. ಇವರು ಕಬ್ಬಿನ ಗದ್ದೆಯಿಂದ ಬಂದವರು ಕಾಲು ಸಹ ತೊಳೆಯದೆ, "ಹೌದಾ? ಹಂಗಾರ ಟನ್ನಿಗೆ ಎಷ್ಟ ದರಾ ಕೊಡ್ತಾರಂತ ಕೇಳೀ ಬಂದೇನವಾ?" ಅಂದರು. ಆ ದಿವಸ ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದೆವು.

ಆ ಕಲ್ಲನ್ನು ಪಡಸಾಲೆಯ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಪೂಜೆಗಲ್ಲ. ಆದರೂ ಅವಳು ಹೋದ ಮೇಲೆ ದಿನಾ ಬೆಳಿಗ್ಗೆ ಸೋಸಿದ ನೀರಿನಿಂದ ತೊಳೆದು, ಒರೆಸಿ, ತಿರುಗಿ ಇಡುತ್ತೇನೆ. ಅವಳಿಗೆ ನೀರೆರೆದಷ್ಟು ಸಮಾಧಾನ. ಈಗೀಗ ಅದು ಬಿಳಿ ಪುಡಿ ಉಗುಳುತ್ತಿದೆ. ಒರೆಸುವ ಅರಿವೆಗೆ ತೂತುಗಳು ಬೀಳುತ್ತಿವೆ.

ಕೇಳಬೇಕಾದದ್ದು ಇದು. ನೀನು ನಮ್ಮನ್ನು ಮಾತಾಡಿಸಲು ಬಂದಾಗ ಅದನ್ನು ನೋಡಿ, "ಇದರ ಮ್ಯಾಲ ಬಿಳಿ ಸೀಗಡಿ ಜೇನ ಮುತ್ತಿದಂಗ ಮುತ್ತಿರ್ತಾವ್ರಿ ಕಾಕು" ಅಂದೆ. ನನ್ನ ಸಮಾಧಾನಕ್ಕೇ ಹೇಳಿದೆ, ನನಗೆ ಗೊತ್ತು. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿದೆ. ನಾವು ನೀರು ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಚೆಲ್ಲುವುದಿಲ್ಲ. ಯಾವ ಬಾವಿಯಿಂದ ಸೇದಿದೆವೋ ಅದೇ ಬಾವಿಗೆ ತಿರುಗಿ ಬಿಡುತ್ತೇವೆ. ಬೇರೆ ಬಾವಿಗೆ ಬಿಟ್ಟರೆ ಅಲ್ಲಿನ ನೀರು ಅವಕ್ಕೆ ಒಗ್ಗುವುದಿಲ್ಲ, ಸಾಯುತ್ತವೆ. ರೂಪಾಲಿ ಅಷ್ಟು ಜೀವಗಳ ಮನೆಯನ್ನು ಎತ್ತಿ ತಂದಳು. ಅದರ ಪಾಪ ಅವಳಿಗೆ ತಟ್ಟಿತೇ? ಇಪ್ಪತ್ತೇಳಕ್ಕೆ ಹೋಗುವಂಥದ್ದು ಅವಳು ಏನು ಮಾಡಿದ್ದಳು?

ನೀನು ಮುಂದಿನ ಹಡಗಿಗೆ ಹೋಗುತ್ತೀ ಎಂದು ಹೇಳಿದ್ದೆ. ಆ ಕಲ್ಲನ್ನು ಅದೇ ನೀರಿಗೆ ಬಿಟ್ಟು ಬರುತ್ತೀಯಾ?

ದಾರಿ ಕಾಯುವ
ಅಕ್ಕುತಾಯಿ ಕಾಕು


ಗೋವಾ
೨೦ ನವೆಂಬರ್ ೨೦೨೩

ಪ್ರೀತಿಯ ಅಕ್ಕುತಾಯಿ ಕಾಕು,

ನಮಸ್ಕಾರ. ಮೊದಲು ಒಂದು ಮಾತು, ದಯಮಾಡಿ ಬೇಜಾರಾಗಬೇಡಿರಿ. ಇಂದಿನಿಂದ ಆ ಕಲ್ಲಿಗೆ ನೀರು ಮುಟ್ಟಿಸಬೇಡಿರಿ. ಅದರಲ್ಲಿ ಕಬ್ಬಿಣ, ತಾಮ್ರ, ಸತು ಇವೆಲ್ಲ ಗಂಧಕದ ಜೊತೆ ಕೂಡಿಕೊಂಡಿವೆ. ಸಮುದ್ರದ ತಳದಲ್ಲಿ ಅದು ಗಟ್ಟಿ ಇರುತ್ತದೆ. ಮೇಲೆ ಬಂದು ಗಾಳಿ ಮತ್ತು ತೇವ ಎರಡೂ ತಾಗಿದರೆ ಗಂಧಕ ಆಸಿಡ್ ಆಗಿ ಕಲ್ಲನ್ನೇ ತಿನ್ನುತ್ತದೆ. ನೀವು ಕಂಡ ಬಿಳಿ ಪುಡಿ ಅದೇ. ಅರಿವೆಗೆ ತೂತು ಬಿದ್ದದ್ದೂ ಅದರಿಂದಲೇ. ನಿಮ್ಮ ಕೈ ಸುಟ್ಟಿಲ್ಲ ತಾನೆ? ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಕೈ ತೊಳೆಯಿರಿ. ಕಲ್ಲನ್ನು ಬಿಸಿಲಿಗೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿರಿ.

ಅದು ಹೇಗೆ ಹುಟ್ಟುತ್ತದೆ ಎಂದು ರೂಪಾಲಿ ನಿಮಗೆ ಹೇಳಿದ್ದಳೋ ಇಲ್ಲವೋ. ಸಮುದ್ರದ ತಳದ ಬಿರುಕುಗಳಲ್ಲಿ ನೀರು ಕೆಳಗೆ ಇಳಿಯುತ್ತದೆ. ಅಲ್ಲಿ ಭೂಮಿಯ ಬೆಂಕಿ ಹತ್ತಿರ. ನೀರು ಕರಿಯುವ ಎಣ್ಣೆಯ ಕಾವಿಗಿಂತ ಹೆಚ್ಚು ಕಾದರೂ ಮೇಲಿನ ಭಾರಕ್ಕೆ ಕುದಿಯುವುದಿಲ್ಲ. ಸುತ್ತಲಿನ ಬಂಡೆಯಿಂದ ಲೋಹಗಳನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ. ಹೊರಗಿನ ನೀರು ಫ್ರಿಜ್ಜಿನಷ್ಟು ತಣ್ಣಗೆ. ಬಿಸಿ ಮತ್ತು ತಣ್ಣನೆಯದು ಕೂಡಿದ ಗಳಿಗೆಯಲ್ಲೇ ಲೋಹಗಳು ಕರಿ ಹೊಗೆಯಾಗಿ ಬೀಳುತ್ತವೆ, ಸುತ್ತ ಚಿಮಣಿ ಕಟ್ಟುತ್ತದೆ. ರೂಪಾಲಿ ಇದನ್ನು ಹೇಳುವಾಗಲೆಲ್ಲ ನಿಮ್ಮ ಬಚ್ಚಲ ಹಂಡೆಯ ಮಾತು ತೆಗೆಯುತ್ತಿದ್ದಳು. ನಿಮ್ಮ ಬೋರಿನ ಸವಳು ನೀರು ಕಾಯಿಸಿದರೆ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅದನ್ನು ಸಣ್ಣವಳಿದ್ದಾಗ ಉಗುರಿನಿಂದ ಕೆರೆದು ಬೈಸಿಕೊಳ್ಳುತ್ತಿದ್ದಳಂತೆ.

ತಿರುಗಿ ಬಿಡುವ ಮಾತು. ನನಗೆ ಮನಸ್ಸಿದೆ. ಆದರೆ ಆ ಸಲ ನಾವು ಎರಡು ಬೇರೆ ಜಾಗಗಳಿಗೆ ಹೋಗಿದ್ದೆವು, ಒಂದರಿಂದ ಒಂದಕ್ಕೆ ಹಡಗಿನಲ್ಲೇ ಎರಡು ದಿವಸದ ದಾರಿ. ರೂಪಾಲಿಗೆ ಸಿಕ್ಕದ್ದು ನಂಬರು ಬರೆಯದೆ ಉಳಿದ ಚೂರು. ಯಾವ ಜಾಗದ್ದೆಂದು ನೋಡಿ ಹೇಳಲಾಗದು. ಕಡಲೆಕಾಳಿನಷ್ಟು ತುಣುಕು ಮುರಿದು ಕಳಿಸಿದರೆ ಕರಗಿಸಿ ಪತ್ತೆ ಹಚ್ಚುತ್ತೇನೆ. ಕೆಳಗಿನ ಬಂಡೆಯ ಗುಣ ಮೇಲಿನ ಚಿಮಣಿಗೆ ಬಂದಿರುತ್ತದೆ.

ಪಾಪದ ಮಾತು ಕೇಳಿದ್ದಿರಿ ಕಾಕು. ನಾವು ಚಿಂಚಲಿಯ ಮಾಯಕ್ಕ ದೇವಿಯ ಒಕ್ಕಲು, ಕುರಿ ಕಾಯುವ ಮನೆತನ. ನಿಮ್ಮಷ್ಟು ನನಗೆ ತಿಳಿಯದು.

ನಿಮ್ಮ
ಕೋಮಲ


ಜುಗೂಳ
೧೭ ಡಿಸೆಂಬರ್ ೨೦೨೩

ಚಿ. ಕೋಮಲಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳದೆಂದು ನಮ್ಮ ಕಣ್ಣ ಮುಂದೆ ಇದ್ದ ಒಂದೇ ಒಂದನ್ನು ನಾನೇ ದಿನಾ ತೊಳೆದು ತೊಳೆದು ಸವೆಸಿದೆ. ಸಣ್ಣವಳಿದ್ದಾಗ ಜ್ವರ ಬಂದರೂ ಎರೆಯುತ್ತೇನೆಂದು ಹಟ ಮಾಡುತ್ತಿದ್ದೆ, "ಅವ್ವಾ, ನೀ ನನ್ನ ತೊಳದ ಕರಗಿಸ್ತೀ" ಎಂದು ಅಳುತ್ತಿದ್ದಳು.

ನೀರು ಬಿಟ್ಟೆ. ಈಗ ಬೆಳಿಗ್ಗೆ ಬಸದಿಯಿಂದ ಬಂದ ಮೇಲೆ ಕೈಗೆ ಕೆಲಸವಿಲ್ಲ. ಬಾಗಿಲ ಹತ್ತಿರ ನಿಲ್ಲುತ್ತೇನೆ, ಒಳಗೆ ಹೋಗುತ್ತೇನೆ.

ತುಣುಕು ಕಳಿಸುತ್ತಿದ್ದೇನೆ. ಅದಕ್ಕೂ ಮನೆಯಲ್ಲಿ ಜಗಳವಾಯಿತು. ನಮ್ಮವರು ಮಗಳು ಹೋದಾಗಿನಿಂದ ಮಾತು ಕಡಿಮೆ ಮಾಡಿದ್ದಾರೆ, ನೀನೇ ನೋಡಿದ್ದೀ. ಸಂಜೆ ಗದ್ದೆಯಿಂದ ಬಂದು ಆ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಾರೆ. ನಾನು ಒಡೆಯುವ ಮಾತು ತೆಗೆದ ಕೂಡಲೇ ಎದ್ದು ನಿಂತರು.

"ಅದನ್ನ ಮುಟ್ಟಬ್ಯಾಡ."

"ತಿರಗಿ ಬಿಡಬೇಕ್ರಿ. ನಮ್ಮ ಧರ್ಮ ಐತಿ."

"ಬಾವಿ ನೀರಿನ ಧರ್ಮಾ ಸಮುದ್ರಕ್ಕ ಯಾಕ ಹಚ್ಚತಿ?"

"ಜೀವಕ್ಕ ಸಣ್ಣ ನೀರು, ದೊಡ್ಡ ನೀರು ಅಂತ ಐತೇನ್ರಿ?"

"ನನ್ನ ಜೀವಾ ಲೆಕ್ಕಕ್ಕಿಲ್ಲೇನ ಹಂಗಾರ?" ಅಂದರು.

ನಾನು ಒಲೆಯ ಮುಂದೆ ಹೋಗಿ ಕೂತೆ. ಒಂದು ವಾರ ಹಾಗೇ ಹೋಯಿತು. ರೊಟ್ಟಿ ಬಡಿಯುತ್ತಿದ್ದೆ, ಉಣ್ಣುತ್ತಿದ್ದರು. ನಿನ್ನೆ ಕೊಟ್ಟಿಗೆಯಿಂದ ಸುತ್ತಿಗೆ ತಂದು, ಕಲ್ಲನ್ನು ಧೋತರದ ಚುಂಗಿನಲ್ಲಿ ಸುತ್ತಿ, ತಾವೇ ಒಂದು ಏಟು ಹಾಕಿದರು. ಮಗುವಿನ ಕಿವಿ ಚುಚ್ಚುವಾಗ ಹಿಡಿದಂತೆ ಹಿಡಿದಿದ್ದರು. ತುಣುಕನ್ನು ನನ್ನ ಕೈಯಲ್ಲಿ ಹಾಕಿ, "ಆಕಿಗಿ ಬರಿ. ಭಾಳ ಕರಗಿಸಬ್ಯಾಡ ಅಂತ ಹೇಳು" ಅಂದು ಎತ್ತು ಬಿಚ್ಚಲು ಹೋದರು.

ಇನ್ನೊಂದು. ಹಡಗಿನಲ್ಲಿ ಅವಳು ಹೊತ್ತು ಮುಳುಗುವ ಮೊದಲು ಊಟ ಮಾಡುತ್ತಿದ್ದಳೇ? ಇಲ್ಲಿಗೆ ಬರುವಾಗ ಮಿರಜಿನಲ್ಲಿ ಗಾಡಿ ಇಳಿದು, ಕಾಗವಾಡದ ಬಸ್ಸು ಹಿಡಿದು ಬರುವುದರೊಳಗೆ ಯಾವಾಗಲೂ ಕತ್ತಲಾಗುತ್ತಿತ್ತು. ಕತ್ತಲಾದ ಮೇಲೆ ನಾವು ಉಣ್ಣುವುದಿಲ್ಲವಲ್ಲ, ನಾನು ಮಾಡಿಟ್ಟದ್ದೆಲ್ಲ ಮುಚ್ಚಿಟ್ಟು ಬರೀ ಹೊಟ್ಟೆಯಲ್ಲಿ ಮಲಗುತ್ತಿದ್ದಳು. ಪ್ರತಿ ಸಲ ಮೊದಲ ದಿನ ಹಾಗೆಯೇ.

ಅಕ್ಕುತಾಯಿ ಕಾಕು


ಗೋವಾ
೨೮ ಜನವರಿ ೨೦೨೪

ಪ್ರೀತಿಯ ಕಾಕು,

ತುಣುಕು ಮುಟ್ಟಿತು. ಕಾಕಾ ಹೇಳಿದಂತೆ ಅರ್ಧವನ್ನೇ ಕರಗಿಸಿದೆ. ಉಳಿದರ್ಧ ನನ್ನ ಹತ್ತಿರ ಭದ್ರವಾಗಿದೆ.

ಜಾಗ ಸಿಕ್ಕಿತು. ಎರಡರಲ್ಲಿ ಒಂದು ಕಡೆ ಚಿಮಣಿಯ ಕೆಳಗಿನ ಬಂಡೆ ಬೇರೆ ಜಾತಿಯದು, ಭೂಮಿಯ ಬಹಳ ಆಳದಿಂದ ಬಂದದ್ದು. ಅದರ ಮೇಲೆ ಹುಟ್ಟಿದ ಚಿಮಣಿಯಲ್ಲಿ ನಿಕ್ಕಲ್ ಮತ್ತು ಕೋಬಾಲ್ಟ್ ಹೆಚ್ಚಿರುತ್ತವೆ. ನಿಮ್ಮ ತುಣುಕಿನಲ್ಲಿ ಎರಡೂ ಹೆಚ್ಚಿವೆ. ಆ ಜಾಗದಲ್ಲಿ ನಾವು ಮುರಿದದ್ದು ಒಂದೇ ಚಿಮಣಿ, ಪಕ್ಕದಲ್ಲಿ ಹಳದಿ ಗುರುತು ಇಟ್ಟು ಬಂದಿದ್ದೇವೆ. ಮಾರ್ಚಿನಲ್ಲಿ ಹಡಗು ಅಲ್ಲಿಗೇ ಹೋಗುತ್ತದೆ. ನಮ್ಮ ಮುಖ್ಯಸ್ಥರನ್ನು ಕೇಳಿದೆ. ರೋಬೋಟ್ ಯಂತ್ರ ಕೆಳಗೆ ಇಳಿದರೆ ಅದರ ಬುಟ್ಟಿಯಲ್ಲಿ ನಿಮ್ಮ ಕಲ್ಲು ಇಡಲು ಒಪ್ಪಿದ್ದಾರೆ.

ಇನ್ನೊಂದನ್ನು ಹೇಳದೆ ಇರಬಹುದಿತ್ತು. ಆದರೆ ರೂಪಾಲಿ ಇದ್ದಿದ್ದರೆ ನಿಮಗೆ ಮುಚ್ಚಿಡುತ್ತಿರಲಿಲ್ಲ. ಆ ಕಲ್ಲಿನ ಬಿಳಿ ಪದರು ಚಿಮಣಿಯ ಮೊಟ್ಟಮೊದಲ ಗೋಡೆ. ಹಂಡೆಯ ಹಕ್ಕಳೆಯಂತೆ ಅದು ಕಾವಿದ್ದಾಗ ಕಟ್ಟುತ್ತದೆ, ಕಾವಿರುವ ತನಕ ನಿಲ್ಲುತ್ತದೆ. ಒಳಗಿನ ಬಿಸಿ ಆರಿದರೆ ತಣ್ಣನೆಯ ನೀರಿನಲ್ಲಿ ತಾನೇ ಕರಗಿಹೋಗುತ್ತದೆ. ಆರಿ ಸತ್ತ ಚಿಮಣಿಯಲ್ಲಿ ಅದು ಉಳಿಯುವುದಿಲ್ಲ. ನಿಮ್ಮ ಕಲ್ಲಿನಲ್ಲಿ ಉಳಿದಿದೆ. ಅಂದರೆ ಮುರಿದಾಗ ಅದು ಉರಿಯುತ್ತಿದ್ದ ಚಿಮಣಿ. ಅದರ ಮೇಲೆ ಜೀವಗಳಿದ್ದವು.

ಈಗ ಆ ದಿವಸದ ಮಾತು ಕೇಳಿರಿ. ಕಲ್ಲುಗಳು ಮೇಲೆ ಬಂದಾಗ ಅವುಗಳ ಸಂದಿಯಲ್ಲಿ ಕೆಲವು ಸೀಗಡಿಗಳು ಸಿಕ್ಕಿಕೊಂಡಿದ್ದವು. ಅಷ್ಟು ಆಳದವು ಮೇಲೆ ಬದುಕುವುದಿಲ್ಲ, ಎಲ್ಲರಿಗೂ ಗೊತ್ತಿತ್ತು, ರೂಪಾಲಿಗೂ ಗೊತ್ತಿತ್ತು. ಜೀವಶಾಸ್ತ್ರದವರು ತಮಗೆ ಬೇಕಾದಷ್ಟನ್ನು ತೆಗೆದುಕೊಂಡರು. ಉಳಿದವನ್ನು ಅವಳು ಒಂದೊಂದಾಗಿ ಆರಿಸಿ ಸಮುದ್ರದ ನೀರು ತುಂಬಿದ ಬಕೆಟ್ಟಿನಲ್ಲಿ ಬಿಟ್ಟಳು. ಬಕೆಟ್ಟಿಗೆ ಹಗ್ಗ ಕಟ್ಟಿ ಹಡಗಿನ ಅಂಚಿನಿಂದ ಇಳಿಸತೊಡಗಿದಳು. ನಾನು, "ಏ ಜುಗೂಳದಾಕಿ, ಹೊಳೀಗಿ ಅರಿಬಿ ಒಗ್ಯಾಕ ಹೊಂಟಿ ಏನ ಬೇ?" ಎಂದು ಕಾಡಿಸಿದೆ. "ಮನಿ ಅಭ್ಯಾಸ ಐತಿ, ಸುಮ್ಮನ ಹಗ್ಗಾ ಹಿಡಿ ಬಾ" ಅಂದಳು. ಹಿಡಿದೆ. ಬಕೆಟ್ಟು ನೀರಿಗೆ ಮುಟ್ಟಿದ ಮೇಲೆಯೇ ಮೆಲ್ಲಗೆ ಬೋರಲು ಹಾಕಿದಳು. ಅದು ಏನೆಂದು ನಿಮ್ಮ ಮೊದಲ ಕಾಗದ ಬಂದಾಗಲೇ ನನಗೆ ತಿಳಿದದ್ದು.

ಊಟ ಕೇಳಿದ್ದಿರಿ. ದಿನಾ ಹೊತ್ತು ಮುಳುಗುವ ಮೊದಲೇ ಅಡುಗೆಮನೆಗೆ ಹೋಗಿ ಅನ್ನ, ಬೇಳೆ ಹಾಕಿಸಿಕೊಳ್ಳುತ್ತಿದ್ದಳು. ಅಡುಗೆಯವನು ಅವಳನ್ನು ಗಡಿಯಾರ ಎಂದು ಕರೆಯುತ್ತಿದ್ದ.

ನಿಮ್ಮ
ಕೋಮಲ


ಜುಗೂಳ
೧೬ ಫೆಬ್ರವರಿ ೨೦೨೪

ಚಿ. ಕೋಮಲಳಿಗೆ ಆಶೀರ್ವಾದ.

ಬಕೆಟ್ಟಿನ ಮಾತನ್ನು ಇವರಿಗೆ ಮೂರು ಸಲ ಓದಿ ಹೇಳಿದೆ. ಮೂರನೆಯ ಸಲ ಎದ್ದು ಹೊರಗೆ ಹೋದರು. ಅವಳು ಸಣ್ಣವಳಿದ್ದಾಗ ಬಾವಿಯ ಹತ್ತಿರ ನನ್ನ ಸೆರಗು ಹಿಡಿದು ನಿಲ್ಲುತ್ತಿದ್ದಳು. ಮೇಲಿಂದ ಸುರಿಯಬಾರದು, ಬಿದ್ದ ಪೆಟ್ಟಿಗೆ ಸಾಯುತ್ತವೆ, ಕೊಡ ನೀರಿಗೆ ಮುಟ್ಟಿದ ಮೇಲೆ ವಾಲಿಸಬೇಕು ಎಂದು ನಾನು ಒಂದು ಸಲವೂ ಬಾಯಿಬಿಟ್ಟು ಕಲಿಸಿದವಳಲ್ಲ. ನೋಡಿ ಕಲಿತಿದ್ದಾಳೆ.

ಆದರೂ ಅವು ಸತ್ತವು. ನೀನು ಮುಚ್ಚಿಡದೆ ಹೇಳಿದೆ, ಒಳ್ಳೆಯದೇ ಮಾಡಿದೆ. ಆ ಮಾತು ನನ್ನ ಎದೆಯಲ್ಲಿ ಆ ಕಲ್ಲಿನಷ್ಟೇ ಭಾರವಾಗಿದೆ.

ಈ ಕಾಗದದ ಜೊತೆ ಕಲ್ಲು ಬರುತ್ತದೆ. ಇವರೇ ಸ್ಟೀಲ್ ಡಬ್ಬಿಗೆ ಹತ್ತಿ ತುಂಬಿ, ಮುಚ್ಚಳಕ್ಕೆ ಮೇಣ ಹಚ್ಚಿ, ಕಾಗವಾಡಕ್ಕೆ ಹೋಗಿ ರಿಜಿಸ್ಟರ್ ಮಾಡಿ ಬಂದರು. ಅಂಚೆಯವನು ಒಳಗೆ ಏನಿದೆ ಎಂದು ಕೇಳಿದನಂತೆ. "ನಮ್ಮ ಮಗಳ ಸಾಮಾನ" ಅಂದರಂತೆ. ಬಂದು ಮಾಡದ ಮುಂದೆ ನಿಂತರು. ಕಲ್ಲು ಇದ್ದ ಜಾಗದಲ್ಲಿ ನೀನು ಹೇಳಿದ ಆಸಿಡ್ ಸುಣ್ಣವನ್ನು ತಿಂದು ಒಂದು ಕಂದು ಕಲೆಯಾಗಿದೆ. ನಾನು ಸುಣ್ಣ ಬಳಿಯಲು ಹೋದರೆ ಕುಂಚ ಕಸಿದುಕೊಂಡರು.

ಕೋಮಲ, ಮೇಲಿಂದ ಒಗೆಯಬೇಡ. ಯಂತ್ರ ತಳಕ್ಕೆ ಮುಟ್ಟಿದ ಮೇಲೆ ಮೆಲ್ಲಗೆ ಇಡಿಸು. ಬೇರೆ ಜಾಗದಲ್ಲಿ ಬಿಡಬೇಡ. ಆಮೇಲೆ ಅಲ್ಲಿ ನಿಂತು, ನಮ್ಮ ಹೆಸರು ಹೇಳಿ, ಆ ಜೀವಗಳ ಕ್ಷಮೆ ಕೇಳು. ನಾವು ಪರ್ಯುಷಣ ಪರ್ವ ಮುಗಿದ ಮೇಲೆ ವರ್ಷಕ್ಕೊಮ್ಮೆ ಎಲ್ಲ ಜೀವಗಳ ಕ್ಷಮೆ ಕೇಳುತ್ತೇವೆ. ಹೋದ ವರ್ಷ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವಳ ಪಾಲಿನದೂ ಉಳಿದಿದೆ.

ಅಕ್ಕುತಾಯಿ ಕಾಕು


ಗೋವಾ
೯ ಮೇ ೨೦೨೪

ಪ್ರೀತಿಯ ಕಾಕು, ಕಾಕಾ,

ಹಡಗು ಬಂದು ಬಹಳ ದಿನವಾಯಿತು. ಬರೆಯಲು ಕೂತು ಕೂತು ಎದ್ದಿದ್ದೇನೆ. ಕಲ್ಲನ್ನು ಬಿಡಲು ಆಗಲಿಲ್ಲ.

ಆ ಜಾಗಕ್ಕೆ ಹೋದೆವು. ಆದರೆ ದೂರದಲ್ಲೆಲ್ಲೋ ಎದ್ದ ಬಿರುಗಾಳಿಗೆ ಸಮುದ್ರ ಉಬ್ಬಿತ್ತು. ಅಂಥ ಅಲೆಯಲ್ಲಿ ರೋಬೋಟ್ ಯಂತ್ರ ಇಳಿಸಿದರೆ ಹಡಗಿಗೇ ಬಡಿದು ಒಡೆಯುತ್ತದೆ. ಕಾದೆವು, ಅಲೆ ತಗ್ಗಲಿಲ್ಲ. ಕೊನೆಗೆ ಉದ್ದ ಕೇಬಲ್ಲಿಗೆ ಬರೀ ಕ್ಯಾಮೆರಾ ಕಟ್ಟಿ ಬಿಟ್ಟರು. ಅದು ನೋಡುತ್ತದೆ, ಏನನ್ನೂ ಇಡಲಾರದು.

ಹೊರಡುವ ದಿನ ಡಬ್ಬಿ ಹಿಡಿದು ಅಂಚಿಗೆ ಹೋಗಿ ನಿಂತೆ. ಹಡಗಿನ ಕೆಲಸದ ದಾದಾಸಾಹೇಬ ಎಂಬವರು, ಮಿರಜ ಕಡೆಯವರು, ಬಹಳ ಒಳ್ಳೆಯವರು, "ಟಾಕೂನ್ ದೇ, ಪೋರೀ. ಒಗದಬಿಡು. ಕೆಳಗ ಅದೇ ನೀರ ಐತಲ್ಲ" ಅಂದರು. ಮುಚ್ಚಳ ತೆಗೆದೆ. ಕೆಳಗೆ ಮೂರು ಕಿಲೋಮೀಟರು ನೀರು. ಬೀಳುತ್ತ ಬೀಳುತ್ತ ಒಳಗಿನ ಸೆಳವಿಗೆ ಎಲ್ಲಿಗೆ ಹೋಗಿ ಬೀಳುತ್ತದೋ. ಮೇಲಿಂದ ಒಗೆಯಬೇಡ ಎಂದು ನೀವು ಬರೆದಿದ್ದಿರಿ. ನನ್ನ ಕೈ ಬರಲಿಲ್ಲ. ಮುಚ್ಚಳ ಹಾಕಿದೆ. ಕೈಮುಗಿದು ನಿಮ್ಮ ಮೂವರ ಹೆಸರು ಹೇಳಿ ಕ್ಷಮೆ ಕೇಳಿದೆ. ಸರಿಯಾದ ರೀತಿ ನನಗೆ ಗೊತ್ತಿಲ್ಲ. ನಮ್ಮೂರು ಮುಗಳಖೋಡದ ಮಾತಿನಲ್ಲೇ ಕೇಳಿದೆ.

ಆದರೆ ಕಾಕು, ಕ್ಯಾಮೆರಾದಲ್ಲಿ ಆ ಚಿಮಣಿ ಕಂಡೆ. ನಾವು ಇಟ್ಟ ಹಳದಿ ಗುರುತು ಪಕ್ಕದಲ್ಲೇ ಇತ್ತು. ಎರಡು ವರ್ಷದ ಹಿಂದೆ ಯಂತ್ರದ ಕೈಯಿಂದ ಚಿಮಣಿ ಮುರಿದ ಜಾಗ ನನಗೆ ಚೆನ್ನಾಗಿ ನೆನಪಿದೆ, ರೂಪಾಲಿ ಪರದೆಯ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದಳು. ಆ ಜಾಗ ಈಗ ಇಲ್ಲ. ಮುರಿದದ್ದರ ಮೇಲೆ ಹೊಸ ಬಿಳಿ ಗೋಡೆ ಎದ್ದಿದೆ, ಅದರ ಮೇಲೆ ಕರಿ ಹತ್ತಿದೆ, ಮೊದಲಿಗಿಂತ ಎತ್ತರ. ಸೀಗಡಿಗಳು ತುಂಬಿ ತುಳುಕುತ್ತಿದ್ದವು. ಎಲ್ಲಿ ಮುರಿದಿದ್ದೆವು ಎಂದು ಬೆರಳಿಟ್ಟು ತೋರಿಸಲೂ ಆಗಲಿಲ್ಲ.

ಡಬ್ಬಿ ನನ್ನ ಮೇಜಿನ ಮೇಲಿದೆ. ತೇವ ಹೀರುವ ಪುಡಿಕೆಗಳನ್ನು ಹಾಕಿದ್ದೇನೆ, ಕಲ್ಲು ಇನ್ನು ಸವೆಯುವುದಿಲ್ಲ. ಮುಂದಿನ ಹಡಗು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ನೀವು ಹೇಳಿದಂತೆ ಮಾಡುತ್ತೇನೆ.

ತಪ್ಪಿದ್ದರೆ ಮಗಳೆಂದು ಹೊಟ್ಟೆಗೆ ಹಾಕಿಕೊಳ್ಳಿರಿ.

ಕೋಮಲ


ಜುಗೂಳ
೨ ಜೂನ್ ೨೦೨೪

ಚಿ. ಕೋಮಲಳಿಗೆ,

ನಿನ್ನ ಕಾಗದ ಬಂದ ದಿವಸ ನಾನು ಬಾವಿಗೆ ಹೊರಟಿದ್ದೆ. ಕೊಡ ಕೆಳಗಿಟ್ಟು ಅಲ್ಲೇ ನಿಂತು ಓದಿದೆ. ಒಗೆಯದೆ ತಂದೆಯಲ್ಲ, ಅಷ್ಟು ಸಾಕು. ತಪ್ಪು ಎಂಬ ಮಾತು ಇನ್ನೊಮ್ಮೆ ಬರೆಯಬೇಡ.

ಸಂಜೆ ಇವರಿಗೆ ಓದಿ ಹೇಳಿದೆ. ಸಮುದ್ರ ಉಬ್ಬಿದ್ದು, ಯಂತ್ರ ಇಳಿಯದಿದ್ದದ್ದು ಎಲ್ಲ ಕೇಳಿದರು. ಹೊಸ ಗೋಡೆಯ ಮಾತು ಬಂದಾಗ, "ನಿಂದ್ರು. ಇನ್ನೊಮ್ಮಿ ಓದು" ಅಂದರು. ಓದಿದೆ.

"ಗುರ್ತ ಸೈತ ಇಲ್ಲಂತ?"

"ಇಲ್ಲಂತ್ರಿ."

"ಅದಕ್ಕ ಕಮ್ಮಿ ಬಿದ್ದಿಲ್ಲ ಹಂಗಾರ" ಅಂದರು. ಮಾಡದ ಕಡೆ ನೋಡಿದರು. "ಅದರ ಗಾಯಾ ತುಂಬೇತಿ. ನಮ್ಮ ಮನ್ಯಾಗಿನ ಜಾಗಾ ಖಾಲಿ ಐತಿ. ತರಾಕ ಹೇಳು."

ನಾನು ಧರ್ಮದ ಮಾತು ಎತ್ತಲಿಲ್ಲ. ಎತ್ತಲು ಬಾಯಿ ತೆರೆದಿದ್ದೆ, ಸುಳ್ಳು ಹೇಳುವುದಿಲ್ಲ. ಆ ಜೀವಗಳು ತಿರುಗಿ ಬರಲಿಲ್ಲ, ಅವುಗಳ ಮನೆಗೆ ಬೇರೆಯವು ಬಂದವು. ಆ ನೀರಿಗೆ ಈ ಕಲ್ಲು ಬೇಕಾಗಿಲ್ಲ. ನಾನು ತಿರುಗಿ ಬಿಡುತ್ತೇನೆ, ಬಿಡುತ್ತೇನೆ ಎಂದು ಹಟ ಹಿಡಿದದ್ದು ಯಾತಕ್ಕೆ ಎಂದು ಈಗ ನನಗೂ ಗೊತ್ತಾಗಿದೆ. ಸೇದಿದ ಜೀವವನ್ನು ಸೇದಿದ ಕಡೆಗೆ ಮುಟ್ಟಿಸಿದರೆ ನಮ್ಮ ಮನೆಯಲ್ಲೂ ಎಲ್ಲ ಮೊದಲಿನಂತೆ ಆಗುತ್ತದೆ ಎಂದುಕೊಂಡಿದ್ದೆ. ಪಾಪದ ಮಾತು ಇನ್ನು ಯಾರನ್ನೂ ಕೇಳುವುದಿಲ್ಲ. ಬಾವಿಗೆ ನೀರು ಬಿಡುವಾಗ ದಿನಾ ಅವಳ ಹೆಸರಿನಲ್ಲಿ ಕ್ಷಮೆ ಕೇಳುತ್ತೇನೆ. ನನ್ನ ಕೈಗೆ ಬೆಳಗಿನ ಕೆಲಸ ಸಿಕ್ಕಿತು.

ನೀನು ಕರಗಿಸದೆ ಉಳಿಸಿದ ಅರ್ಧ ತುಣುಕು ನಿನ್ನ ಹತ್ತಿರವೇ ಇರಲಿ. ಇವರೂ ಹಾಗೇ ಅಂದರು.

ಕಲ್ಲನ್ನು ಅಂಚೆಯಲ್ಲಿ ಕಳಿಸಬೇಡ. ನೀನೇ ತೆಗೆದುಕೊಂಡು ಬಾ. ಕೃಷ್ಣೆಗೆ ಹೊಸ ನೀರು ಬಂದರೆ ದಾರಿ ಕಟ್ಟುತ್ತದೆ, ಅದಕ್ಕೂ ಮೊದಲು ಬಾ. ಇವರು ಮಿರಜಿಗೆ ಬಂದು ನಿಲ್ಲುತ್ತಾರೆ, ನೀನು ಬೇಡ ಅಂದರೂ ಕೇಳುವವರಲ್ಲ. ಮುಂಜಾನೆಯ ಗಾಡಿಗೇ ಕೂಡು. ಹೊತ್ತು ಮುಳುಗುವುದರೊಳಗೆ ನಮ್ಮ ಮನೆ ಮುಟ್ಟಬೇಕು. ಮೊದಲ ದಿನ ಬರೀ ಹೊಟ್ಟೆಯಲ್ಲಿ ಮಲಗುವುದು ಈ ಮನೆಯಲ್ಲಿ ಇನ್ನು ಬೇಡ.

ನಿನ್ನ
ಅಕ್ಕುತಾಯಿ ಕಾಕು